ಬಾಗದ ಮುಚ್ಚಳ

ಮೀನಿನ ತೊಟ್ಟಿಯ ಐವತ್ತು ಮುಚ್ಚಳಗಳಲ್ಲಿ ನಲವತ್ತೊಂದು ಹದಿನೈದೇ ದಿನಕ್ಕೆ ವಾಪಸು ಬಂದವು. ಅಂಗಡಿಯ ಕುಪ್ಪುರಾಜ್ ತನ್ನ ಸಾಮಾನಿನ ಆಟೋವನ್ನು ಗಲ್ಲಿಯ ನಟ್ಟನಡುವೆ ನಿಲ್ಲಿಸಿ, ಅವುಗಳನ್ನು ಎರಡೂ ತೋಳಲ್ಲಿ ಬಾಚಿ ಎತ್ತಿಕೊಂಡು ಬಂದು ಅಂಜಲೈಯ ಷೆಡ್ಡಿನ ಮುಂದೆ ಸುರಿದ. ಕೊಳತ್ತೂರಿನ ಆ ಗಲ್ಲಿಯಲ್ಲಿ ಬೆಳಗಿನ ಹತ್ತು ಗಂಟೆ ಎಂದರೆ ಬಣ್ಣದ ಮೀನಿನ ವ್ಯಾಪಾರದ ಭರಾಟೆ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನು ಹೊತ್ತು ಹೋಗುತ್ತಿದ್ದವರೆಲ್ಲ ನಿಂತು ನೋಡಿದರು.

"ನೋಡಮ್ಮಾ ತಂಗಿ, ಚೆನ್ನಾಗಿ ನೋಡು. ನಾನು ಕೇಳಿದ್ದು ಮುಚ್ಚಳ. ನೀನು ಕೊಟ್ಟಿದ್ದು ಅಪ್ಪಳ!"

ಅಂಜಲೈ ಒಂದನ್ನು ಕೈಗೆತ್ತಿಕೊಂಡಳು. ನಾಮಫಲಕ ಮಾಡುವವರ ಹತ್ತಿರ ಉಳಿದ ಅಕ್ರಿಲಿಕ್ ಎಂಬ ಗಾಜಿನಂಥ ಪ್ಲಾಸ್ಟಿಕ್ ತುಂಡುಗಳನ್ನು ತಂದು ಅವಳೇ ಕತ್ತರಿಸಿ, ಅಂಚು ತಿಕ್ಕಿ, ಮೂಲೆ ದುಂಡಗೆ ಮಾಡಿ ಕೊಟ್ಟಿದ್ದು. ಕೊಟ್ಟ ದಿನ ಕನ್ನಡಿಯ ಹಾಗೆ ನೆಟ್ಟಗಿತ್ತು. ಈಗ ನಾಲ್ಕು ಮೂಲೆಯೂ ಮೇಲೆದ್ದು, ನಡುವೆ ಕುಳಿ ಬಿದ್ದು, ಊಟದ ಎಲೆ ಬಿಸಿಲಿಗೆ ಒಣಗಿ ಸೆಟೆದ ಹಾಗಾಗಿತ್ತು.

"ಕೊಟ್ಟಾಗ ನೆಟ್ಟಗಿತ್ತಲ್ಲಣ್ಣಾ..."

"ಕೊಟ್ಟಾಗ ನಾನೂ ನೆಟ್ಟಗಿದ್ದೆ. ಗಿರಾಕಿಗಳ ಬೈಗುಳ ಕೇಳಿ ಕೇಳಿ ಈಗ ನಾನೂ ಹಿಂಗೇ ಬಾಗಿದೀನಿ. ಪುಳಿಯಂತೋಪಲ್ಲಿ ಒಬ್ಬರ ಮನೆ ಬೆಕ್ಕು ಆ ಸಂದಿಯಿಂದ ಕೈ ಹಾಕಿ ನಾಲ್ಕು ಮೀನು ತಿಂದಿದೆ. ಊರಲ್ಲಿ ನಿನ್ನ ಮುಚ್ಚಳ ಹೊಗಳ್ತಿರೋದು ಆ ಬೆಕ್ಕೊಂದೇ!"

ನೋಡುತ್ತಿದ್ದವರು ನಕ್ಕರು. ಅಂಜಲೈಯ ಕಿವಿ ಬಿಸಿಯಾಯಿತು. ಬಾಗಿಲ ಪಕ್ಕದ ಮುಕ್ಕಾಲಿಯ ಮೇಲೆ ಕೂತಿದ್ದ ಗಂಡನ ಕಡೆ ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೂ ಅವನ ಮುಖದಲ್ಲಿ ಏನೂ ಸಿಗುತ್ತಿರಲಿಲ್ಲ. ತುಳಸಿಂಗಂ ಆರು ತಿಂಗಳಿಂದ ಅದೇ ಮುಕ್ಕಾಲಿಯ ಮೇಲೆ, ಬಲಗೈಯನ್ನು ಯಾರೋ ಕಾಯಲು ಕೊಟ್ಟು ಹೋದ ಗಂಟಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಹೀಗೇ ಕೂತಿದ್ದ.

ಅವನು ಅವಳ ತಾಯಿಯ ಕಿರಿಯ ತಮ್ಮ. ಹುಟ್ಟಿದಾಗಿನಿಂದ ಕರೆದ ಹಾಗೆ ಮದುವೆಯಾದ ಮೇಲೂ ಅವಳಿಗೆ ಅವನು "ಮಾವ"ನೇ. ಅತ್ತೆ ಮುನಿಯಮ್ಮ ಲೆಕ್ಕದಲ್ಲಿ ಅವಳ ಅಜ್ಜಿ, ಬಾಯಲ್ಲಿ "ಆಯಾ". ಕೊಳತ್ತೂರಿನಲ್ಲಿ ಗಾಜು ಕೊಯ್ಯುವವರು ಎಷ್ಟೋ ಜನ. ತುಳಸಿಂಗಂ ಕೊಯ್ದ ಗಾಜಿಗೆ ಮಾತ್ರ ಅಂಚು ತಿಕ್ಕುವ ಅಗತ್ಯವೇ ಇಲ್ಲ ಎನ್ನುತ್ತಿದ್ದರು. ಕಳೆದ ಐಪ್ಪಸಿ ತಿಂಗಳ ಮಳೆಯಲ್ಲಿ ಜಪಮಾಲೈ ಮೇಷ್ಟ್ರ ಮನೆಯ ನಾಲ್ಕಡಿ ತೊಟ್ಟಿಗೆ ಗಾಜಿನ ಮುಚ್ಚಳ ಕೂರಿಸಲು ಹೋಗಿದ್ದ. ಮೇಷ್ಟ್ರ ಅರವಾನ ಮೀನು ಮೊಳದುದ್ದದ್ದು, ನೀರಿನಿಂದ ಬಾಣದ ಹಾಗೆ ಮೇಲಕ್ಕೆ ಹಾರುವ ಜಾತಿ. ಮುಚ್ಚಳ ಇನ್ನೂ ಕೈಯಲ್ಲಿರುವಾಗಲೇ ಹಾರಿ ಕೆಳಗಿನಿಂದ ಗುದ್ದಿತು. ಒದ್ದೆ ಗಾಜು ಜಾರಿತು, ಹಿಡಿಯಹೋದ, ಅದು ಅಂಗೈಯಲ್ಲೇ ಮುರಿಯಿತು. ಎರಡು ನರಗಳನ್ನು ದೊಡ್ಡಾಸ್ಪತ್ರೆಯಲ್ಲಿ ಸೇರಿಸಿ ಹೊಲಿದರು. ಗಾಯ ಮಾಯಿತು, ಬೆರಳು ಮಡಚಲಿಲ್ಲ.

ಅಂದಿನಿಂದ ಅಳತೆಗೆ ಕೊಯ್ದ ಗಾಜನ್ನೇ ಹೊರಗಿನಿಂದ ತಂದು, ಸಿಲಿಕೋನ್ ಅಂಟು ಹಾಕಿ ತೊಟ್ಟಿ ಜೋಡಿಸುವ ಕೆಲಸವನ್ನು ಅಂಜಲೈ ನಡೆಸಿಕೊಂಡು ಹೋದಳು. ಆ ಕೆಲಸ ಅವಳಿಗೆ ಮದುವೆಯಾದ ವರ್ಷದಿಂದಲೇ ಗೊತ್ತು. ಆದರೆ ಗಾಜಿನ ಮುಚ್ಚಳ ಮಾತ್ರ ಮುಟ್ಟುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದಳು. ತೊಟ್ಟಿಯ ಗಾಜು ಕೂತಲ್ಲೇ ಕೂತಿರುತ್ತದೆ. ಮುಚ್ಚಳದ ಗಾಜನ್ನು ದಿನಕ್ಕೆರಡು ಸಲ ಯಾರಾದರೂ ಒದ್ದೆ ಕೈಯಲ್ಲಿ ಎತ್ತುತ್ತಾರೆ, ಎಷ್ಟೋ ಮನೆಗಳಲ್ಲಿ ಮಕ್ಕಳೇ ಎತ್ತುತ್ತಾರೆ. ಹಾಗೆಂದು ಮುಚ್ಚಳವಿಲ್ಲದೆ ತೊಟ್ಟಿ ಮಾರುವಂತಿಲ್ಲ. ಮೀನು ಹಾರುತ್ತದೆ, ಹಲ್ಲಿ ಬೀಳುತ್ತದೆ, ಚಿತ್ತಿರೈ ತಿಂಗಳ ಬೇಸಿಗೆ ಬಿಸಿಲಿಗೆ ನೀರು ದಿನಕ್ಕೆ ಒಂದು ಬೆರಳು ಇಳಿಯುತ್ತದೆ.

ಕುಪ್ಪುರಾಜ್ ಹೋದ ಮೇಲೆ ಆಯಾ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ಹೇಳಿದಳು. "ಗಾಜು ಗಾಜೇ ಕಣೇ. ನಿನ್ನ ಮಾವ ಕೂರಿಸಿದ ಗಾಜು ಒಂದಾದ್ರೂ ಹಿಂಗೆ ಸುರುಟಿಕೊಂಡು ಮನೆಗೆ ಬಂದಿತ್ತಾ?"

"ಬಂದಿತ್ತು ಆಯಾ. ಮಾವನ ಕೈಯೊಳಗೇ ಬಂದಿತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ತುಳಸಿಂಗಂ ಎದ್ದು ಒಳಗೆ ಹೋದ. ಅವನು ಜಗಳವನ್ನಾದರೂ ಆಡಿದ್ದರೆ ಅವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅವತ್ತಿನಿಂದ ಅಂಜಲೈ ಕೂತಲ್ಲಿ ಕೂರಲಿಲ್ಲ. ಅನ್ನಕ್ಕಿಟ್ಟು ಷೆಡ್ಡಿಗೆ ಬರುವಳು, ತೊಟ್ಟಿಯ ಒಂದು ಬದಿಗೆ ಅಂಟು ಹಾಕಿ ಇನ್ನೊಂದು ಬದಿ ಮರೆತು ಬೀದಿಗೆ ಹೋಗುವಳು, ಪಕ್ಕದವರು "ಅಂಜಲೈ, ಸೀದ ವಾಸನೆ" ಎಂದು ಕೂಗಿದಾಗ ಓಡಿ ಬರುವಳು. ಕಣ್ಣು ಹೋದಲ್ಲೆಲ್ಲ ಮುಚ್ಚಳವೇ ಕಾಣುತ್ತಿತ್ತು. ಮೊದಲು ಬಾಗಿದ ಅಕ್ರಿಲಿಕ್ ಒಂದನ್ನು ಬಿಸಿಲಿಗೆ ಹಾಕಿದಳು. ಸಂಜೆಯೊಳಗೆ ಮುಕ್ಕಾಲು ಪಾಲು ನೆಟ್ಟಗಾಯಿತು. ಬೋರಲು ಮಾಡಿ ತೊಟ್ಟಿಯ ಮೇಲಿಟ್ಟಳು. ಐದು ದಿನಕ್ಕೆ ಮತ್ತೆ ಮೂಲೆಗಳು ಎದ್ದವು. ಆಗ ಗೊತ್ತಾಯಿತು: ಕೆಳಮುಖ ನೀರಿನ ಹಬೆ ಕುಡಿದು ಉಬ್ಬುತ್ತದೆ, ಮೇಲ್ಮುಖ ಒಣಗಿಯೇ ಇರುತ್ತದೆ, ಅಳತೆ ತಪ್ಪಿದ ಎರಡು ಮೈ ಒಟ್ಟಿಗಿದ್ದರೆ ಸೆಟೆಯದೆ ಏನು ಮಾಡೀತು. ತಪ್ಪು ತನ್ನ ಕೈಯದಲ್ಲ, ಆ ಹಾಳೆಯದೇ ಗುಣ. ಅಷ್ಟು ತಿಳಿದದ್ದಕ್ಕೆ ಸ್ವಲ್ಪ ಸಮಾಧಾನವಾಯಿತು, ಒಂದು ಗಂಟೆ ಮಟ್ಟಿಗೆ.

ಪ್ಲೈವುಡ್ ನೋಡಿದಳು, ಅಂಚು ಉಬ್ಬಿ ಪದರ ಬಿಟ್ಟಿತು. ತಗಡಿಗೆ ಬಣ್ಣ ಬಳಿದಳು. ಸಿಪ್ಪೆಯೆದ್ದು ತುಕ್ಕು ನೀರಿಗೆ ಬಿತ್ತು. ಸೊಳ್ಳೆ ಪರದೆಯ ಬಲೆಯನ್ನು ಚೌಕಟ್ಟಿಗೆ ಬಿಗಿದಳು. ಮೀನು ಒಳಗೇ ಉಳಿಯಿತು, ನೀರು ಉಳಿಯಲಿಲ್ಲ. ಒಂದೊಂದೂ ಷೆಡ್ಡಿನ ಮೂಲೆಯಲ್ಲಿ ಒಂದರ ಮೇಲೊಂದು ಕೂತಿತು. ತುಳಸಿಂಗಂ ಮುಕ್ಕಾಲಿಯ ಮೇಲಿಂದ ಆ ರಾಶಿ ಬೆಳೆಯುವುದನ್ನು ನೋಡುತ್ತಿದ್ದ. "ಏನಾದ್ರೂ ಹೇಳು ಮಾವ" ಎಂದರೆ "ನೀನೇ ಮಾಡ್ತಿದೀಯಲ್ಲ" ಎನ್ನುತ್ತಿದ್ದ.

ಒಂದು ಮಂಗಳವಾರ ಅವಳು ಪುದುಪೇಟೆಯ ಹಳೇ ಸಾಮಾನಿನ ಅಂಗಡಿ ಸಾಲಿಗೆ ಹೋದಳು. ಬೇಕಾದ್ದು ಏನೆಂದು ಅವಳಿಗೇ ಗೊತ್ತಿರಲಿಲ್ಲ. ಮನೆಯಲ್ಲಿ ಕೂರಲಾಗದೆ ಹೊರಟದ್ದು. ಕಾರಿನ ಬಾಗಿಲು, ಬಸ್ಸಿನ ಸೀಟು ಎಲ್ಲ ದಾಟಿ ಹೋದರೆ ಒಂದು ಅಂಗಡಿಯ ಗೋಡೆಗೆ ಹಾಲುಬಣ್ಣದ ದೊಡ್ಡ ಹಾಳೆಗಳನ್ನು ಒರಗಿಸಿದ್ದರು. ಬಿಸಿಲು ಅದರೊಳಗಿಂದ ಮೆತ್ತಗೆ ಸೋಸಿ ಬರುತ್ತಿತ್ತು. ಹತ್ತಿರ ಹೋಗಿ ಅಂಚು ನೋಡಿದಳು. ಎರಡು ತೆಳು ಪದರ, ನಡುವೆ ಉದ್ದಕ್ಕೂ ಅಡ್ಡಗೋಡೆಗಳು. ಪಕ್ಕಪಕ್ಕ ಕೊಳವೆ ಜೋಡಿಸಿಟ್ಟ ಹಾಗೆ. ಎತ್ತಿದರೆ ಭಾರವೇ ಇಲ್ಲ.

"ಏನಣ್ಣಾ ಇದು?"

"ಪಾಲಿಕಾರ್ಬನೇಟ್. ಕಾರು ನಿಲ್ಸೋ ಜಾಗಕ್ಕೆ ಚಾವಣಿ ಹಾಕಿದ್ರು, ಕಟ್ಟಡ ಒಡೆದ್ರು, ಇಲ್ಲಿಗೆ ಬಂತು."

"ಬಾಗಲ್ವಾ?"

ಅಂಗಡಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಐದು ವರ್ಷ ಬಿಸಿಲು ತಿಂದಿದೆ, ಐದು ಮಳೆ ಕುಡಿದಿದೆ, ಒಂದು ಚಂಡಮಾರುತ ನೋಡಿದೆ. ಇನ್ನೇನು ಪರೀಕ್ಷೆ ಬರೆಸ್ಬೇಕು ಹೇಳು?"

ಮೂಲೆ ಮುರಿದಿದ್ದ ಒಂದು ಹಾಳೆಯನ್ನು ಎರಡು ತುಂಡು ಮಾಡಿಸಿ, ಸಣಬಿನ ಹಗ್ಗದಲ್ಲಿ ಕಟ್ಟಿಸಿಕೊಂಡು ಬಸ್ಸು ಹತ್ತಿದಳು. ತಿಂಡಿ ತೆಗೆದುಕೊಂಡಿದ್ದರೂ ಅಷ್ಟೇ ಆಗುತ್ತಿತ್ತು, ಅಷ್ಟು ಅಗ್ಗ. ಕಂಡಕ್ಟರ್ ಮಾತ್ರ ಬಿಡಲಿಲ್ಲ. "ಏನಕ್ಕಾ, ಮನೆ ಚಾವಣಿಯನ್ನೇ ಕಿತ್ಕೊಂಡು ಬಂದಿದೀಯ? ಅದಕ್ಕೂ ಒಂದು ಟಿಕೆಟ್ ತಗೋ."

"ಅದು ಸೀಟಲ್ಲಿ ಕೂತಿಲ್ಲ ಅಣ್ಣಾ, ನಿಂತಿದೆ. ನಾನೂ ನಿಂತೇ ಇದೀನಿ" ಎಂದಳು. ಬಸ್ಸಿನವರು ನಕ್ಕರು. ಅವಳಿಗೆ ನಗು ಬರಲಿಲ್ಲ. ಬೆರಳು ಆಗಲೇ ಆ ಕೊಳವೆಗಳನ್ನು ಎಣಿಸುತ್ತಿತ್ತು.

ಮನೆಗೆ ಬಂದವಳು ಸೀರೆ ಕೂಡ ಬದಲಿಸದೆ ಒಂದು ತುಂಡನ್ನು ಎರಡು ಇಟ್ಟಿಗೆಗಳ ನಡುವೆ ಅಡ್ಡ ಇಟ್ಟು ಅದರ ಮೇಲೆ ಹತ್ತಿ ನಿಂತಳು. ತಗ್ಗಿತು; ಇಳಿದರೆ ಮತ್ತೆ ಎದ್ದು ನೆಟ್ಟಗಾಯಿತು. ಇನ್ನೊಂದು ತುಂಡನ್ನು ನೀರು ಕುದಿಯುವ ದೊಡ್ಡ ಪಾತ್ರೆಯ ಮೇಲೆ ಹಾಕಿ, ಮಧ್ಯಾಹ್ನದಿಂದ ಸಂಜೆಯವರೆಗೆ ಹಬೆ ಹಿಡಿಸಿದಳು.

"ಗ್ಯಾಸು ಸುಟ್ಟು ಪ್ಲಾಸ್ಟಿಕ್ ಬೇಯಿಸ್ತಾ ಇದಾಳಲ್ಲೋ ತುಳಸೀ" ಎಂದು ಆಯಾ ಗೊಣಗಿದಳು. "ಸಾರು ಯಾವುದಕ್ಕೆ ಮಾಡ್ಲಿ, ಇದಕ್ಕೇನಾ?"

ಹಾಳೆ ಬಾಗಲಿಲ್ಲ. ಹತ್ತು ದಿನ ತೊಟ್ಟಿಯ ಮೇಲಿಟ್ಟಳು. ಆಗಲೂ ಬಾಗಲಿಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೆ ಸ್ಕೇಲು ಇಟ್ಟು ನೋಡುವಳು, ಹಲ್ಲುಜ್ಜುವುದು ಆಮೇಲೆ.

ಆದರೆ ಹಾಳೆ ನೆಟ್ಟಗಿದ್ದ ಮಾತ್ರಕ್ಕೆ ಮುಚ್ಚಳವಾಗುವುದಿಲ್ಲ. ಮೀನಿಗೆ ಕಾಳು ಹಾಕಬೇಕೆಂದರೆ ಮುಂದಿನ ಭಾಗ ಮಾತ್ರ ತೆರೆದುಕೊಳ್ಳಬೇಕು. ಕಬ್ಬಿಣದ ಕೀಲು ಹಾಕಿದರೆ ತುಕ್ಕು. ಪ್ಲಾಸ್ಟಿಕ್ ಕೀಲಿಗೆ ಹಾಳೆಗಿಂತ ಹೆಚ್ಚು ಬೆಲೆ, ಮೊಳೆ ಹೊಡೆದ ತೂತಿನಿಂದ ಕೊಳವೆಗೆ ನೀರು. ಅಂಚನ್ನೇ ದಿಟ್ಟಿಸುತ್ತ ಕೂತಾಗ ಅವಳಿಗೆ ಹೊಳೆಯಿತು. ಒಂದು ಕೊಳವೆಯ ಉದ್ದಕ್ಕೂ ಮೇಲಿನ ಪದರ ಮಾತ್ರ ಸೀಳಿ, ಕೆಳಗಿನ ಪದರ ಹಾಗೇ ಬಿಟ್ಟರೆ? ಅಲ್ಲಿ ಅದು ಪುಸ್ತಕದ ರಟ್ಟಿನ ಹಾಗೆ ಮಡಚಿಕೊಳ್ಳಬೇಕು. ಕೀಲೇ ಬೇಡ.

ಬ್ಲೇಡು ಇಟ್ಟು ಎಳೆದಳು. ಅರ್ಧ ದೂರ ಚೆನ್ನಾಗಿ ಹೋಗಿ, ಆಮೇಲೆ ಬ್ಲೇಡು ಒಳಗೆ ಮುಳುಗಿ ಕೆಳಗಿನ ಪದರವನ್ನೂ ಸೀಳಿತು. ಎರಡನೆಯದು ಶುರುವಿನಲ್ಲೇ ಹೋಯಿತು. ಮೂರನೆಯದು ಕೊನೆಯವರೆಗೆ ಬಂತು, ಮಡಚಿದರೆ ಚಟ್ಟನೆ ಎರಡಾಯಿತು. ಕಣ್ಣಿಗೆ ಕಾಣದ ಗೀರು ಕೆಳಗೆ ಬಿದ್ದಿತ್ತು. ಏಳು ತುಂಡು ಹಾಳಾದವು. ಏಳನೆಯದನ್ನು ಅವಳು ಷೆಡ್ಡಿನ ಗೋಡೆಗೆ ಎಸೆದಳು.

"ಒತ್ತುತೀಯ ನೀನು" ಎಂದ ತುಳಸಿಂಗಂ.

ಅವಳು ತಿರುಗಿದಳು. ಅವನು ಮುಕ್ಕಾಲಿಯಿಂದ ಎದ್ದಿದ್ದ.

"ಒತ್ತದೆ ಹೆಂಗೆ ಕೊಯ್ಯೋದು?"

"ಕೊಯ್ಯೋದಲ್ಲ ಅದು. ಗಾಜನ್ನ ನಾವು ಯಾವತ್ತಾದ್ರೂ ಕೊಯ್ದಿದೀವಾ? ಗೀರ್ತೀವಿ, ಅಷ್ಟೆ. ಮೈ ಮೇಲೆ ಒಂದು ಗೆರೆ. ಸದ್ದು ಕೇಳ್ಬೇಕು. ಒಂದೇ ಸದ್ದು ಕೊನೆ ತನಕ ಬಂದ್ರೆ ಸರಿ. ನಿಂದು ನಡುವೆ ಮಾತಾಡೋದು ನಿಲ್ಸುತ್ತೆ. ಆಗಲೇ ಅದು ಕೆಳಗೆ ಹೋಗಿರುತ್ತೆ."

ಆರು ತಿಂಗಳಲ್ಲಿ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅಂಜಲೈ ಬ್ಲೇಡನ್ನು ಹಿಡಿಯ ಕಡೆಯಿಂದ ಚಾಚಿದಳು. ಅವನ ಬಲಗೈ ಅಭ್ಯಾಸದಿಂದ ಮುಂದೆ ಬಂತು, ಬೆರಳು ಮಡಚಲಿಲ್ಲ, ಬ್ಲೇಡು ನೆಲಕ್ಕೆ ಬಿತ್ತು. ಅವನ ಮುಖ ಕಪ್ಪಿಟ್ಟಿತು. ಒಳಗೆ ಹೋಗಿಬಿಡುತ್ತಾನೆ ಎಂದುಕೊಂಡಳು. ಹೋಗಲಿಲ್ಲ. ಬಗ್ಗಿ ಎಡಗೈಯಲ್ಲಿ ಎತ್ತಿಕೊಂಡ.

"ಸ್ಕೇಲು ಹಿಡ್ಕೋ. ಅಲುಗಾಡಿಸ್ಬೇಡ. ಉಸಿರೂ ಬಿಡ್ಬೇಡ."

ಮೊದಲನೆಯದು ಸೊಟ್ಟಗೆ ಹೋಯಿತು. ಎರಡನೆಯದು ಅರ್ಧಕ್ಕೆ ಸೀಳಿತು. ಅವನು ಬೈದುಕೊಂಡ, ಬ್ಲೇಡನ್ನು, ಎಡಗೈಯನ್ನು, ಮೇಷ್ಟ್ರ ಮೀನನ್ನು. ಅಂಜಲೈ ಸ್ಕೇಲು ಬಿಡಲಿಲ್ಲ. ಆಯಾ ಎಲೆಯಡಿಕೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು. ಮೂರನೆಯದರಲ್ಲಿ ಸರ್ರ್ ಎಂಬ ಒಂದೇ ಸದ್ದು ಈ ತುದಿಯಿಂದ ಆ ತುದಿಯವರೆಗೆ ಬಂತು. ತುಳಸಿಂಗಂ ಹಾಳೆಯನ್ನೆತ್ತಿ ಮಡಚಿದ. ಮಡಚಿಕೊಂಡಿತು. ಬಿಚ್ಚಿದ, ಮತ್ತೆ ಮಡಚಿದ. ಇಪ್ಪತ್ತು ಸಲ, ಮೂವತ್ತು ಸಲ. ಕೊನೆಗೆ ಆಯಾಳೇ "ಸಾಕು ಬಿಡೋ, ಅದಕ್ಕೂ ಸೊಂಟ ನೋಯಲ್ವಾ?" ಎಂದಳು.

ಮೂರು ವಾರದಲ್ಲಿ ಇನ್ನೊಂದು ತೊಡಕು ಬಂತು. ಷೆಡ್ಡಿನ ತೊಟ್ಟಿಯ ಮೇಲಿದ್ದ ಮುಚ್ಚಳದ ಒಳಗೆ ಹಸಿರು ಗೀಟುಗಳು ಕಾಣಿಸಿಕೊಂಡವು. ಹಬೆ ಕೊಳವೆಗಳೊಳಗೆ ಸೇರಿ, ದೀಪದ ಬೆಳಕಿಗೆ ಪಾಚಿ ಕಟ್ಟಿತ್ತು. ತೊಳೆಯೋಣವೆಂದರೆ ಕೈಯೂ ಹೋಗದು, ಕಡ್ಡಿಯೂ ಹೋಗದು. ಅಂಜಲೈಗೆ ಮತ್ತೆ ಕಾಲು ನಿಲ್ಲದಾಯಿತು. ಆದರೆ ಇದು ಅಂಟಿನ ಕೆಲಸ, ಅವಳದೇ ವಿದ್ಯೆ. ಹಾಳೆಯನ್ನು ತಾರಸಿಯ ಬಿಸಿಲಲ್ಲಿ ಎರಡು ದಿನ ನಿಲ್ಲಿಸಿ ಒಳಗಿನ ತೇವವನ್ನೆಲ್ಲ ಆರಿಸಿ, ಎರಡೂ ತುದಿಯ ಕೊಳವೆ ಬಾಯಿಗಳಿಗೆ ಸಿಲಿಕೋನ್ ತುಂಬಿ ಬೆರಳಲ್ಲಿ ಸವರಿದಳು. ಹಾಗೆ ಮಾಡಿದ ಹಾಳೆಯನ್ನು ಒಂದು ವಾರ ನೀರಿನಲ್ಲೇ ಮುಳುಗಿಸಿಟ್ಟಳು. ಒಳಗೆ ಒಂದು ಹನಿ ಇಲ್ಲ.

"ಇನ್ನೇನು, ಕುಪ್ಪುರಾಜನ ಮುಖಕ್ಕೆ ಹಿಡಿ" ಎಂದಳು ಆಯಾ.

"ಅವನಿಗೆ ಮೊದಲು ಅಲ್ಲ" ಎಂದಳು ಅಂಜಲೈ. ಗಂಡನ ಕಡೆ ನೋಡಿದಳು. "ಮೊದಲು ಮೇಷ್ಟ್ರ ಮನೆಗೆ."

ತುಳಸಿಂಗಂ ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟ. "ನೀನು ಹೋಗಿ ಬಾ."

"ನಾಲ್ಕಡಿ ಮುಚ್ಚಳ ಮಾವ. ನಾನೊಬ್ಬಳೇ ಹೆಂಗೆ ಹೊರಲಿ?"

"ಹಾಳೆಗೆ ಭಾರವೇ ಇಲ್ಲ ಅಂತ ಬೀದಿಗೆಲ್ಲ ಸಾರಿದ್ದು ಯಾರು?"

ಅವಳು ಮುಚ್ಚಳ ಎತ್ತಿಕೊಂಡು ಹೊರಟಳು. ಗಲ್ಲಿಯ ತಿರುವಿನಲ್ಲಿ ಹಿಂದಿನ ತುದಿ ಹಗುರವಾಯಿತು. ಅವನು ಹಿಡಿದುಕೊಂಡಿದ್ದ, ಎಡಗೈಯಲ್ಲಿ.

ಜಪಮಾಲೈ ಮೇಷ್ಟ್ರು ನಿವೃತ್ತರಾಗಿ ಎಂಟು ವರ್ಷ. ಬಾಗಿಲು ತೆಗೆದು ತುಳಸಿಂಗಂನನ್ನು ಕಂಡವರೇ ಬಾಗಿಲು ಹಿಡಿದೇ ನಿಂತರು. ಅಂದು ರಕ್ತ ಸೋರುವ ಕೈಯನ್ನು ತಮ್ಮ ಪಂಚೆಯಲ್ಲೇ ಸುತ್ತಿ ಆಸ್ಪತ್ರೆಗೆ ಒಯ್ದವರು ಅವರೇ. ಆಮೇಲೆ ನಾಲ್ಕು ಸಲ ಬಂದು ನೋಡಿದ್ದರು. ನಾಲ್ಕು ಸಲವೂ ಇವನು ಗೋಡೆಗೆ ಮುಖ ಮಾಡಿ ಮಲಗಿದ್ದ.

"ಬಾಪ್ಪಾ, ಒಳಗೆ ಬಾ" ಎಂದರು ಕಡೆಗೆ. "ನೋಡು ನನ್ನ ಸ್ಥಿತಿ."

ನಾಲ್ಕಡಿ ತೊಟ್ಟಿಯ ಮೇಲೆ ಇಸ್ತ್ರಿ ಹಾಕುವ ಹಲಗೆಯನ್ನು ಮಲಗಿಸಿ, ಅದರ ಮೇಲೆ ಎರಡು ದಪ್ಪ ನಿಘಂಟು, ಒಂದು ರುಬ್ಬುಗುಂಡು ಹೇರಿದ್ದರು. ಹಲಗೆಯ ಕೆಳಗೆ ಬೆಳ್ಳಿಬಣ್ಣದ ಅರವಾನ ಆಚೆಯಿಂದೀಚೆ ತಿರುಗುತ್ತಲೇ ಇತ್ತು, ಒಂದು ಕ್ಷಣ ನಿಲ್ಲದೆ.

"ಮೂರು ಸಲ ಗುದ್ದಿ ನಿಘಂಟನ್ನೇ ಬೀಳಿಸಿದೆ. ಮಾರಿಬಿಡೋಣ ಅಂದ್ರೆ ಕೈ ಬರಲ್ಲ, ಇಟ್ಕೊಳ್ಳೋಣ ಅಂದ್ರೆ ನಿನ್ನ ಕೈ ನೆನಪಾಗುತ್ತೆ" ಎಂದರು ಮೇಷ್ಟ್ರು.

ಅಂಜಲೈ ನಿಘಂಟುಗಳನ್ನು ಇಳಿಸಿದಳು, ಹಲಗೆ ಸರಿಸಿದಳು, ತಕ್ಷಣ ಹೊಸ ಮುಚ್ಚಳ ಕೂರಿಸಿದಳು. ಅಳತೆ ನೂಲಿನಷ್ಟೂ ತಪ್ಪಿರಲಿಲ್ಲ. ಮಡಚುವ ಭಾಗ ಮುಂದಕ್ಕೆ ಬಂತು. ಮೂವರೂ ನಿಂತು ಕಾದರು. ಮೀನು ಮೇಲಕ್ಕೆ ಬಂದು, ತಲೆಯ ಮೇಲೆ ಬಂದ ಹೊಸ ಬೆಳಕನ್ನು ಒಂದು ಸುತ್ತು ನೋಡಿತು. ಕೆಳಗಿಳಿಯಿತು. ಮೈ ಬಾಗಿಸಿತು.

ಧಡ್!

ತುಳಸಿಂಗಂ ಹಿಂದಕ್ಕೆ ಹಾರಿ ಕಪಾಟಿಗೆ ಬಡಿದ. ಬಲಗೈ ಎದೆಗೆ ಅವಚಿಕೊಂಡಿತ್ತು, ಹಣೆಯೆಲ್ಲ ಬೆವರು. ಅಂಜಲೈ ಅವನ ಕಡೆಗೆ ಹೆಜ್ಜೆ ಇಟ್ಟವಳು ತಡೆದುಕೊಂಡಳು. ಎರಡನೆಯ ಸಲ ಗುದ್ದಿತು. ಹಾಳೆ ಡೋಲಿನ ಹಾಗೆ ಸದ್ದು ಮಾಡಿತು, ಒಡೆಯಲಿಲ್ಲ, ಬಿರಿಯಲಿಲ್ಲ. ಆದರೆ ಮೂರನೆಯ ಪೆಟ್ಟಿಗೆ ಮಡಚುವ ಭಾಗ ಮೇಲೆದ್ದು, ಒಂದು ಬೆರಳಿನ ಸಂದಿ ಬಿಟ್ಟು, ಮತ್ತೆ ಬಿತ್ತು.

"ಅಯ್ಯೋ!" ಎಂದಳು ಅಂಜಲೈ. ಹಬೆ, ಬಿಸಿಲು, ಪಾಚಿ ಎಲ್ಲ ಯೋಚಿಸಿದ್ದಳು. ಮುಂಭಾಗವನ್ನು ಹಿಡಿದಿಡುವುದು ಏನು ಎಂದು ಯೋಚಿಸಿರಲಿಲ್ಲ. ಮುಚ್ಚಳವನ್ನು ಈಗಲೇ ತೆಗೆದುಬಿಡಬೇಕು, ಮನೆಗೆ ಒಯ್ಯಬೇಕು, ಇಲ್ಲ, ಇಲ್ಲೇ ಏನಾದರೂ ಕಟ್ಟಬೇಕು. ಕೈ ಸೆರಗಿನಲ್ಲಿ, ಚೀಲದಲ್ಲಿ, ಮೇಜಿನ ಮೇಲೆ ಏನನ್ನೋ ಹುಡುಕುತ್ತಿತ್ತು.

ಅಷ್ಟರಲ್ಲಿ ತುಳಸಿಂಗಂ ಕಪಾಟು ಬಿಟ್ಟು ಮುಂದೆ ಬಂದ. ತೊಟ್ಟಿಯ ಹತ್ತಿರ ಬಂದು, ಮಡಚದ ಬಲಗೈಯನ್ನು ಅಂಗೈ ಕೆಳಗಾಗಿ ಮುಚ್ಚಳದ ಮುಂಭಾಗದ ಮೇಲೆ ಚಪ್ಪಟೆಯಾಗಿ ಊರಿದ. ಮೀನು ಮತ್ತೆ ಗುದ್ದಿತು. ಅವನು ಕಣ್ಣು ಮುಚ್ಚಿದ, ಕೈ ತೆಗೆಯಲಿಲ್ಲ.

"ಇಷ್ಟು ಭಾರ ಸಾಕು ಇದಕ್ಕೆ" ಎಂದ. "ಮೇಷ್ಟ್ರೇ, ರಬ್ಬರ್ ಬ್ಯಾಂಡಲ್ಲ, ಗಟ್ಟಿ ಏನಾದ್ರೂ ಇದೆಯಾ? ಪ್ಲಾಸ್ಟಿಕ್ ಪಟ್ಟಿ?"

ಮೇಷ್ಟ್ರು ಇಡೀ ಮನೆ ಜಾಲಾಡಿ ಹಳೆಯ ಫೈಲುಗಳ ಬೆನ್ನಿಗೆ ಹಾಕುವ ಜಾರುಪಟ್ಟಿಯೊಂದನ್ನು ತಂದರು. ಅಂಜಲೈ ಅದನ್ನು ಚೋಟುದ್ದದ ಎರಡು ತುಂಡು ಮಾಡಿ, ತೊಟ್ಟಿಯ ಅಂಚಿಗೂ ಮುಚ್ಚಳದ ಅಂಚಿಗೂ ಸೇರಿಸಿ ಸಿಕ್ಕಿಸಿದಳು. ಸರಿಸಿದರೆ ತೆರೆಯುತ್ತದೆ, ಸರಿಸದಿದ್ದರೆ ಇಲ್ಲ. ಅಷ್ಟು ಹೊತ್ತೂ ತುಳಸಿಂಗಂನ ಕೈ ಮುಚ್ಚಳದ ಮೇಲೆಯೇ ಇತ್ತು. ಅವಳು "ಆಯ್ತು, ಬಿಡು ಮಾವ" ಎಂದ ಮೇಲೆ ಬಿಟ್ಟ. ಮೀನು ಇನ್ನೆರಡು ಸಲ ಹಾರಿ ನೋಡಿತು. ಪಟ್ಟಿ ಜಗ್ಗಲಿಲ್ಲ.

ಮೇಷ್ಟ್ರ ಹೆಂಡತಿ ಬಿಸಿ ಬಜ್ಜಿ ತಂದಿಟ್ಟರು. ತುಳಸಿಂಗಂ ಒಂದನ್ನು ಎಡಗೈಯಲ್ಲಿ ತೆಗೆದುಕೊಂಡು ತಿಂದ. ತಿನ್ನುತ್ತಲೇ ಕಣ್ಣಲ್ಲಿ ನೀರು ತುಂಬಿ ಹರಿಯಿತು. "ಮೆಣಸಿನಕಾಯಿ ಖಾರ" ಎಂದ. ಬಜ್ಜಿ ಬಾಳೆಕಾಯಿಯದು.

ಕುಪ್ಪುರಾಜ್ ತಾನಾಗಿಯೇ ಬಂದ. ಮೇಷ್ಟ್ರ ಮನೆಯ ಮುಚ್ಚಳದ ಸುದ್ದಿ ಗಲ್ಲಿಗೆಲ್ಲ ಹಬ್ಬಿತ್ತು. ಮುಚ್ಚಳವನ್ನು ತಿರುಗಿಸಿ, ಮಡಚಿ, ಬಿಸಿಲಿಗೆ ಹಿಡಿದು ನೋಡಿ, "ಪರವಾಗಿಲ್ಲ ತಂಗಿ" ಎಂದ.

"ಪರವಾಗಿಲ್ಲ ಅಂದ್ರೆ ಅಪ್ಪಳಕ್ಕಿಂತ ಪರವಾಗಿಲ್ಲ ಅಂತಲಾ ಅಣ್ಣಾ?"

"ಅದನ್ನ ಇನ್ನೂ ಮನಸ್ಸಲ್ಲಿ ಇಟ್ಕೊಂಡಿದೀಯಾ? ಬಿಡು. ಆ ಬೆಕ್ಕೂ ಸತ್ತುಹೋಯ್ತು." ಗಾಜಿನದರ ಅರ್ಧ ಬೆಲೆ ಎಂದು ಅವಳು ಹೇಳಿದಾಗ ಅವನು ಐವತ್ತು ಬೇಕೆಂದ. ನಲವತ್ತೊಂದು ಹಳೆಯ ಲೆಕ್ಕಕ್ಕೆ ಬದಲಿ, ಒಂಬತ್ತು ಹೊಸದು ಎಂದು ಅವಳೇ ಹೇಳಿದಳು. ಅವನು ಒಪ್ಪಿಕೊಂಡ.

ಒಂದು ತಿಂಗಳು ಅವಳಿಗೆ ಬಿಡುವಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬೀದಿಯ ಕೊನೆಯ ಅಂಗಡಿಯ ಮುಂದೆ ಅಂಥವೇ ಹಾಲುಬಣ್ಣದ ಮುಚ್ಚಳಗಳು ಸಾಲಾಗಿ ತೂಗುತ್ತಿದ್ದವು. ವಾರದೊಳಗೆ ಇನ್ನೂ ಮೂರು ಅಂಗಡಿಗಳಲ್ಲಿ. ಕುಪ್ಪುರಾಜನೂ ಪುದುಪೇಟೆಗೆ ಹೋಗಿ ಹಾಳೆ ತಂದಿದ್ದನೆಂದು ಆಯಾ ಸುದ್ದಿ ತಂದಳು. ಅಂಜಲೈ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಡಿಯಿಂದ ಅಂಗಡಿಗೆ ಹೋಗಿ ಬಾಯಿಗೆ ಬಂದದ್ದು ಬೈದು ಬಂದಳು. ಬಂದು ಕೂತಳು, ಎದ್ದಳು, ಮತ್ತೆ ಹೋಗಿ ಬಾಕಿ ಉಳಿದವರನ್ನು ಬೈದು ಬಂದಳು.

"ಚಾವಣಿ ಹಾಳೆ ನಮ್ಮಪ್ಪನದಾ?" ಎಂದ ತುಳಸಿಂಗಂ. ಅವನು ಗೀರುತ್ತಲೇ ಇದ್ದ. "ತರ್ಲಿ ಬಿಡು. ಮಡಚಿ ನೋಡ್ಲಿ."

ಮಡಚಿ ನೋಡಿದವರಿಗೆ ತಿಳಿಯಿತು. ಒಬ್ಬರದು ಕೈಯಲ್ಲೇ ಎರಡಾಯಿತು. ಇನ್ನೊಬ್ಬರು ಪೂರ್ತಿ ಕೊಯ್ದು ಟೇಪು ಅಂಟಿಸಿದ್ದು ಹಬೆಗೆ ಬಿಟ್ಟುಕೊಂಡಿತು. ಆಷಾಢ ಹುಟ್ಟುವ ಹೊತ್ತಿಗೆ ಬೀದಿಯ ಕೊನೆಯ ಅಂಗಡಿಯವನು ನಾಲ್ಕು ಹಾಳೆ ಹೊತ್ತು ಷೆಡ್ಡಿನ ಮುಂದೆ ಬಂದು, ಅಂಜಲೈಯ ಕಣ್ಣು ತಪ್ಪಿಸಿ, "ತುಳಸಿಯಣ್ಣಾ, ಗೆರೆ ಮಾತ್ರ ಹಾಕ್ಕೊಡ್ತೀರಾ? ಗೆರೆಗೆ ಇಷ್ಟು ಅಂತ ತಗೊಳ್ಳಿ" ಎಂದ. ಮರುದಿನ ಇಬ್ಬರು. ಕುಪ್ಪುರಾಜ್ ಕೊನೆಗೆ ಬಂದ. ಅವನ ಹಾಳೆಗಳನ್ನು ಅಂಜಲೈ ಬೇಕೆಂದೇ ಸಾಲಿನ ಕೊನೆಗಿಟ್ಟಳು.

ಈಗ ಬೆಳಗಿನಿಂದ ಷೆಡ್ಡಿನಲ್ಲಿ ಸರ್ರ್ ಸರ್ರ್ ಎಂಬ ಸದ್ದು. ಅಂಜಲೈಗೆ ಅದೂ ಸಾಲದು. ಒಬ್ಬನೇ ಗೀರಿದರೆ ಎಷ್ಟಾದೀತು, ಜ್ವರ ಬಂದರೆ ಏನು ಗತಿ ಎಂದು ಒಂದು ಭಾನುವಾರ ಬ್ಲೇಡು ಹಿಡಿದು ಅವನ ಪಕ್ಕ ಕೂತಳು. ಬೀದಿಯ ಗುಡಿಯಲ್ಲಿ ಮಾರಿಯಮ್ಮನಿಗೆ ಆಷಾಢದ ಅಂಬಲಿ ಕಾಯಿಸುವ ವಾಸನೆ ಬರುತ್ತಿತ್ತು. ಆಯಾ ಎರಡು ಚೊಂಬು ಹಿಡಿದು ಹೋಗಿ ತುಂಬಿಸಿಕೊಂಡು ಬಂದಳು. ಅಷ್ಟರಲ್ಲಿ ಅಂಜಲೈ ಆರು ತುಂಡು ಸೀಳಿದ್ದಳು.

"ಒತ್ತುತೀಯ."

"ಒತ್ತಿಲ್ಲ."

"ಸದ್ದು ಕೇಳಿಸ್ಕೋ. ನಿನ್ನ ತಲೇಲಿ ಹತ್ತು ಕೆಲಸ ಓಡ್ತಿದೆ, ಅದಕ್ಕೇ ಕೇಳಲ್ಲ."

ಏಳನೆಯದು ಕೊನೆಯವರೆಗೆ ಒಂದೇ ದನಿಯಲ್ಲಿ ಬಂತು. ಅವನು ಎತ್ತಿ ಮಡಚಿದ, ಬಿಚ್ಚಿದ, ಗೆರೆಯ ಮೇಲೆ ಉಗುರು ಆಡಿಸಿದ. ಹೊಗಳಲಿಲ್ಲ. ತಾನು ಗೀರಿದ ರಾಶಿಯ ಮೇಲೆಯೇ ಅದನ್ನೂ ಇಟ್ಟು, ಇನ್ನೊಂದು ಹಾಳೆಯನ್ನು ಅವಳ ಮುಂದೆ ಸರಿಸಿದ.

"ಅಂಬಲಿ ಆರ್ತಾ ಇದೆ, ಇಬ್ಬರೂ ಏಳ್ರೋ" ಎಂದು ಆಯಾ ಒಳಗಿನಿಂದ ಕೂಗಿದಳು.

"ಇದೊಂದು ಆಯಾ" ಎಂದು ಅಂಜಲೈ ಸ್ಕೇಲು ಜೋಡಿಸಿದಳು.